ಮಗುವಿನ ಕುತ್ತಿಗೆಯ ಲಿಂಫ್ಯಾಂಜಿಯೋಮಾಕ್ಕೆ ಪ್ರೊಪ್ರಾನೊಲಾಲ್ ಕೊಡಿಸಬಹುದೇ?

ನಿಮ್ಮ ಅಣ್ಣನ ಮಗುವಿನ ಕೆನ್ನೆಯ ಕೆಂಪು ಗಂಟು ಪ್ರೊಪ್ರಾನೊಲಾಲ್ ಎಂಬ ಹೃದಯದ ಔಷಧಿಯಿಂದ ಕರಗಿತೆಂದೂ, ನಿಮ್ಮ ಮಗಳ ಕುತ್ತಿಗೆಯ ಲಿಂಫ್ಯಾಂಜಿಯೋಮಾಕ್ಕೂ (ದ್ರವ ತುಂಬಿದ ಚೀಲಗಳ ಗಂಟು) ಅದನ್ನೇ ಕೊಡಿಸಬಹುದೇ ಎಂದೂ ಕೇಳಿದ್ದೀರಿ. ನಾನು ಮಕ್ಕಳ ಶಸ್ತ್ರಚಿಕಿತ್ಸಕ. ಅದನ್ನೇ ನೆಚ್ಚಿಕೊಂಡು ಕೂರಬೇಡಿ ಎಂಬುದು ನನ್ನ ಉತ್ತರ.

ಅಣ್ಣನ ಮಗುವಿಗಿದ್ದದ್ದು ಬಹುಶಃ ಹೆಮ್ಯಾಂಜಿಯೋಮಾ, ಅಂದರೆ ರಕ್ತನಾಳದ ಜೀವಕೋಶಗಳೇ ವೇಗವಾಗಿ ಬೆಳೆದು ಆಗುವ ಗಡ್ಡೆ. ಫ್ರಾನ್ಸಿನ ಬೋರ್ಡೋದಲ್ಲಿ ಇಂಥ ಗಡ್ಡೆಗೆ ಸ್ಟೆರಾಯ್ಡ್ ಪಡೆಯುತ್ತಿದ್ದ ಮಗುವೊಂದರ ಹೃದಯದ ಸ್ನಾಯು ದಪ್ಪವಾದಾಗ ವೈದ್ಯರು ಹೃದಯಕ್ಕೆಂದು ಪ್ರೊಪ್ರಾನೊಲಾಲ್ ಕೊಟ್ಟರು. ಮರುದಿನವೇ ಗಡ್ಡೆ ಮೆತ್ತಗಾಗಿ ಅದರ ಕಡುಗೆಂಪು ಇಳಿದಿತ್ತು. ಇದು 2008ರಲ್ಲಿ ವರದಿಯಾಯಿತು. 2015ರ ದೊಡ್ಡ ಪ್ರಯೋಗದಲ್ಲಿ, ಆರು ತಿಂಗಳು ಔಷಧಿ ಪಡೆದ ಶೇ. 60ರಷ್ಟು ಶಿಶುಗಳಲ್ಲಿ ಗಡ್ಡೆ ಪೂರ್ತಿ ಅಥವಾ ಬಹುತೇಕ ಮಾಯವಾದರೆ, ಹುಸಿ ಔಷಧಿ ಪಡೆದವರಲ್ಲಿ ಆ ಪ್ರಮಾಣ ಶೇ. 4 ಮಾತ್ರ.

ಲಿಂಫ್ಯಾಂಜಿಯೋಮಾ ಹಾಗಲ್ಲ. ಅದು ಹುಟ್ಟಿನಿಂದಲೇ ದುಗ್ಧರಸ (ಅಂಗಾಂಶಗಳಿಂದ ರಕ್ತಕ್ಕೆ ಮರಳುವ ತಿಳಿ ದ್ರವ) ಸಾಗಿಸುವ ನಾಳಗಳು ಅಡ್ಡಾದಿಡ್ಡಿಯಾಗಿ ರೂಪುಗೊಂಡು, ಒಳಗೆ ದ್ರವ ತುಂಬಿದ ಚೀಲಗಳಾಗಿ ಉಳಿದಿರುವ ಸ್ಥಿತಿ. 2011ರಲ್ಲಿ ಜಪಾನಿನ ವೈದ್ಯರು ದೇಹದಲ್ಲೆಲ್ಲ ಹರಡಿದ್ದ ಇಂಥ ಕಾಯಿಲೆಯೊಂದು ಪ್ರೊಪ್ರಾನೊಲಾಲ್‌ನಿಂದ ಹಿಡಿತಕ್ಕೆ ಬಂದುದನ್ನು ಬರೆದ ಮೇಲೆ ಹಲವರು ಪ್ರಯತ್ನಿಸಿದರು. ಕೆಲವರಿಗೆ ಗಂಟು ಕುಗ್ಗಿತು, ಹಲವರಿಗೆ ಏನೂ ಆಗಲಿಲ್ಲ. ಈ ಗಂಟು ನೆಗಡಿ ಬಂದಾಗ ಊದಿಕೊಂಡು ಆಮೇಲೆ ತಾನಾಗಿಯೇ ಇಳಿಯುವುದೂ ಉಂಟು. ಹಾಗೆ ಇಳಿದದ್ದರ ಕೀರ್ತಿ ಆಗ ಕೊಡುತ್ತಿದ್ದ ಔಷಧಿಗೆ ಹೋಗಿಬಿಡುತ್ತದೆ.

ನೀವು ಮೊದಲು ಕೇಳಬೇಕಾದದ್ದು, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐನಲ್ಲಿ ಚೀಲಗಳು ದೊಡ್ಡವಾಗಿ ಕಂಡವೇ, ಸಣ್ಣವಾಗಿ ಕಂಡವೇ ಎಂದು. ದೊಡ್ಡವಾದರೆ, ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಸೂಜಿಯಿಂದ ದ್ರವ ತೆಗೆದು ಚೀಲದ ಗೋಡೆಗಳು ಅಂಟಿಕೊಂಡು ಕುಗ್ಗುವಂತೆ ಬ್ಲಿಯೋಮೈಸಿನ್ ಅಥವಾ ಡಾಕ್ಸಿಸೈಕ್ಲಿನ್ ಎಂಬ ಔಷಧಿ ತುಂಬುವ ಸ್ಕ್ಲೆರೋಥೆರಪಿ ಚೆನ್ನಾಗಿ ಫಲಿಸುತ್ತದೆ, ಆದರೆ ಹಲವು ಸಲ ಮಾಡಬೇಕಾಗಬಹುದು. ಸಣ್ಣ ಚೀಲಗಳ, ಹರಡಿಕೊಂಡ ಗಂಟಿಗೆ ಈಗ ಸಿರೋಲಿಮಸ್ ಎಂಬ ಔಷಧಿ ಬಳಸುತ್ತೇವೆ; ಅದು ಸೋಂಕಿನ ವಿರುದ್ಧದ ಶಕ್ತಿಯನ್ನು ತಗ್ಗಿಸುವುದರಿಂದ ಆಗಾಗ ರಕ್ತ ಪರೀಕ್ಷೆ ತಪ್ಪದು.

ಅಣ್ಣನ ಮನೆಯಲ್ಲಿ ಉಳಿದ ಬಾಟಲಿಯಿಂದಂತೂ ಖಂಡಿತ ಕೊಡಬೇಡಿ. ಪ್ರೊಪ್ರಾನೊಲಾಲ್ ಹಸಿದ ಶಿಶುವಿನ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು, ಉಬ್ಬಸವನ್ನು ಕೆರಳಿಸಬಲ್ಲದು. ಇನ್ನು ಗಂಟು ಇದ್ದಕ್ಕಿದ್ದಂತೆ ಊದಿ ಉಸಿರಾಟದಲ್ಲಿ ಸದ್ದು ಬಂದರೆ, ಅಥವಾ ಮಗು ಹಾಲು ನುಂಗಲು ಕಷ್ಟಪಟ್ಟರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.