ಡೈವೋರ್ಸು, ಬೇಕರಿ ಪಾಲು: ಎರಡನ್ನೂ ಕೋರ್ಟಿಗೆ ಅಲೆಯದೆ ಮುಗಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ನೀವೂ ನಿಮ್ಮ ಯಜಮಾನರೂ ಎರಡು ವರ್ಷದಿಂದ ಬೇರೆ ಬೇರೆ ಇದ್ದೀರಿ. ಹಾಸನದಲ್ಲಿ ಇಬ್ಬರ ಹೆಸರಲ್ಲೂ ಒಂದು ಬೇಕರಿ ಇದೆ. ಮದುವೆಯೂ ಮುಗಿಯಬೇಕು, ಪಾಲುದಾರಿಕೆಯೂ ಮುಗಿಯಬೇಕು, ಆದರೆ ಹತ್ತು ವರ್ಷ ವಾಯಿದೆಗೆ ತಿರುಗೋ ಶಕ್ತಿ ಇಲ್ಲ. ನಾನು ವಕೀಲನಲ್ಲ. ಬೆಂಗಳೂರಿನಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. 2018ರಲ್ಲಿ ನನಗೆ ಡೈವೋರ್ಸ್ ಆಯಿತು. 2023ರಲ್ಲಿ ಪ್ರೆಸ್ಸಿನ ಪಾಲುದಾರನ ಜೊತೆಗೂ ಲೆಕ್ಕ ಚುಕ್ತಾ ಆಯಿತು. ಎರಡು ಸಲ ಎಡವಿ ಕಲಿತದ್ದನ್ನು ಹೇಳುತ್ತೇನೆ. ನಿಮ್ಮದು ಹಿಂದೂ ವಿವಾಹ ಕಾಯ್ದೆಗೆ ಬರುವ ಮದುವೆ ಅಂದುಕೊಂಡು ಬರೆಯುತ್ತಿದ್ದೇನೆ.

ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ಡೈವೋರ್ಸ್ ಡಿಕ್ರಿಯನ್ನು, ಅಂದರೆ ಮದುವೆ ಮುಗಿಯಿತು ಅನ್ನೋ ಆದೇಶವನ್ನು, ಕೋರ್ಟೇ ಕೊಡಬೇಕು. ಛಾಪಾ ಕಾಗದದ ಮೇಲೆ "ಇನ್ನು ನಮಗೂ ಇವರಿಗೂ ಸಂಬಂಧ ಇಲ್ಲ" ಅಂತ ಬರೆದು, ನೋಟರಿ ಸೀಲ್ ಹಾಕಿಸಿ ಕೊಡುವವರು ಇದ್ದಾರೆ. ದುಡ್ಡು ದಂಡ. ರೂಢಿಯಲ್ಲೇ ವಿಚ್ಛೇದನ ಇರುವ ಕೆಲವು ಸಮುದಾಯಗಳ ಮಾತು ಬೇರೆ, ಅಲ್ಲೂ ತಕರಾರು ಬಂದರೆ ಆ ರೂಢಿ ಇದೆ ಅಂತ ಸಾಬೀತು ಮಾಡಬೇಕು. ಲೋಕ ಅದಾಲತ್‌ನಲ್ಲೂ ಡೈವೋರ್ಸ್ ಸಿಗೋದಿಲ್ಲ. ಚೆಕ್ ಬೌನ್ಸ್, ಜೀವನಾಂಶ, ದುಡ್ಡಿನ ವ್ಯಾಜ್ಯಕ್ಕೆ ಅದು ಒಳ್ಳೆಯದು. ಒಂದು ಸಲ ರಾಜಿಯಾದರೆ ಅಪೀಲೇ ಇಲ್ಲ.

ಹಾಗಂತ ಜಗಳವನ್ನೂ ಕೋರ್ಟಿನಲ್ಲೇ ಆಡಬೇಕು ಅಂತೇನಿಲ್ಲ. ಹೊರಗೆ ಮುಗಿಸಿಕೊಂಡು, ಒಪ್ಪಂದ ಹಿಡಿದು ಒಳಗೆ ಹೋಗಬಹುದು.

ನಮ್ಮ ಮನೆಯವರು ಮೊದಲು ಹಿರಿಯರನ್ನು ಕೂರಿಸಿದ್ದರು. ಹಾಲ್‌ನಲ್ಲಿ ಹನ್ನೊಂದು ಜನ. ಮೂರು ಸುತ್ತು ಕಾಫಿ ಆಯಿತು. ಸಂಜೆ ಹೊತ್ತಿಗೆ ಮಾತು ನಮ್ಮ ದೊಡ್ಡಪ್ಪನ ಜಮೀನಿನ ಬದುವಿಗೆ ಬಂದು ನಿಂತಿತ್ತು! ಎಲ್ಲ ಪಂಚಾಯ್ತಿಯೂ ಹೀಗೇ ಅಂತ ಹೇಳಲಾರೆ. ಚಿತ್ರದುರ್ಗ ಜಿಲ್ಲೆಯ ಸಿರಿಗೆರೆ ಮಠದಲ್ಲಿ ಸೋಮವಾರ ನ್ಯಾಯಪೀಠ ನಡೆಯುತ್ತದೆ, ಆಸ್ತಿ, ಸಾಲ, ಸಂಸಾರದ ವ್ಯಾಜ್ಯ ಹೊತ್ತು ಜನ ಬರುತ್ತಾರೆ. ಎರಡೂ ಕಡೆಯವರು ಮನಸಾರೆ ನಂಬುವ ಹಿರಿಯರಿದ್ದರೆ ಅರ್ಧ ಕೆಲಸ ಆದಂತೆ. ನಮಗೆ ಅಂಥವರು ಇರಲಿಲ್ಲ.

ನಮ್ಮದು ಬಗೆಹರಿದದ್ದು ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿರುವ ಮಧ್ಯಸ್ಥಿಕೆ ಕೇಂದ್ರದಲ್ಲಿ. 2007ರಿಂದ ನಡೆಯುತ್ತಿದೆ. ನನ್ನ ಹೆಂಡತಿ ಡೈವೋರ್ಸ್ ಕೇಸ್ ಹಾಕಿದ್ದರು, ಜಡ್ಜ್ ನಮ್ಮನ್ನು ಅಲ್ಲಿಗೆ ಕಳಿಸಿದರು. ರಾಜಿಗೆ ಪ್ರಯತ್ನ ಮಾಡಲೇಬೇಕು ಅಂತ 1984ರ ಕುಟುಂಬ ನ್ಯಾಯಾಲಯ ಕಾಯ್ದೆಯೇ ಹೇಳುತ್ತದೆ. ರಾಜಿ ಅಂದರೆ ಮತ್ತೆ ಒಂದುಮಾಡಿ ಕಳಿಸ್ತಾರೆ ಅಂತ ನಾನು ಹೆದರಿದ್ದೆ. ಹಾಗಿರಲಿಲ್ಲ. ಮೇಜಿನ ಸುತ್ತ ನಾಲ್ಕು ಕುರ್ಚಿ, ಕಟಕಟೆ ಇಲ್ಲ. ಮಧ್ಯಸ್ಥಗಾರರು ಒಬ್ಬ ಹಿರಿಯ ವಕೀಲೆ. ಮೊದಲು ಇಬ್ಬರನ್ನೂ ಕೂರಿಸಿ ಕೇಳಿದರು, ಆಮೇಲೆ ಒಬ್ಬೊಬ್ಬರನ್ನೇ. ಬರೆದುಕೊಂಡ ಹಾಳೆಯನ್ನು ಏಳುವ ಮೊದಲು ನಮ್ಮ ಎದುರೇ ಹರಿದುಹಾಕಿದರು. ಇಲ್ಲಿ ಆಡಿದ ಮಾತನ್ನು ನಾಳೆ ಕೋರ್ಟಿನಲ್ಲಿ ಯಾರೂ ಎತ್ತುವಂತಿಲ್ಲ ಅಂದರು.

ಅರ್ಜಿಯಲ್ಲಿ ಆಕೆ ಕೇಳಿದ್ದು ಇಪ್ಪತ್ತು ಲಕ್ಷ. ನಾನು ಆರು ಅನ್ನುತ್ತಿದ್ದೆ. ಎರಡು ಸಿಟ್ಟಿಂಗ್ ಅದರಲ್ಲೇ ಹೋಯಿತು. ಮೂರನೆಯ ಸಲ ಒಬ್ಬರೇ ಮಾತಾಡುವಾಗ ಆಕೆ ಅವರ ಅಮ್ಮನ ಅವಲಕ್ಕಿ ಸರದ ವಿಷಯ ಎತ್ತಿದ್ದಾರೆ. ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮೆಷಿನ್ ತರಲು ನಾನದನ್ನು ಸೊಸೈಟಿಯಲ್ಲಿ ಅಡ ಇಟ್ಟಿದ್ದೆ. ಹರಾಜಿನ ನೋಟಿಸ್ ಬೇರೆ ಬಂದಿತ್ತು. ಎರಡೂ ಕಡೆಯ ಕೋರ್ಟ್ ಕಾಗದದಲ್ಲಿ ಆ ಸರದ ಸುದ್ದಿಯೇ ಇರಲಿಲ್ಲ! ನಾನು ಬೈಕ್ ಮಾರಿ ಸರ ಬಿಡಿಸಿಕೊಂಡು ಬಂದೆ. ಉಳಿದ ಮೊತ್ತ ನಾಲ್ಕನೇ ಸಿಟ್ಟಿಂಗ್‌ನಲ್ಲಿ ಕುದುರಿತು. ಒಪ್ಪಂದದಲ್ಲಿ ಸರದ ತೂಕ, ಅಡದ ರಸೀದಿ ನಂಬರ್ ಎಲ್ಲ ಬರೆಸಿದರು. "ಕೊಕ್ಕೆ ಮುರಿದಿದೆ" ಅಂತಲೂ ಬರೆಸಿದರು. ಆಗ ನಗು ಬಂದಿತ್ತು. ಆಮೇಲೆ ಕೊಕ್ಕೆ ಯಾರು ಮುರಿದದ್ದು ಅನ್ನೋ ಇನ್ನೊಂದು ಜಗಳ ತಪ್ಪಿತಲ್ಲ ಅನ್ನಿಸಿತು.

ನಿಮಗೆ ಅನುಕೂಲ ಜಾಸ್ತಿ ಇದೆ. ಪರಸ್ಪರ ಒಪ್ಪಿಗೆಯ ಡೈವೋರ್ಸ್‌ಗೆ, ಅಂದರೆ 13ಬಿ ಕಲಮಿಗೆ, ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಆದರೆ ಒಂದೂವರೆ ವರ್ಷಕ್ಕಿಂತ ಜಾಸ್ತಿ ಬೇರೆ ಇದ್ದು, ಮತ್ತೆ ಕೂಡಿ ಬಾಳೋ ಪ್ರಯತ್ನ ಕೈಗೂಡದೆ, ಜೀವನಾಂಶ, ಮಕ್ಕಳ ವಿಷಯ ಎಲ್ಲ ತೀರ್ಮಾನವಾಗಿದ್ದರೆ ಆ ಆರು ತಿಂಗಳನ್ನು ಜಡ್ಜ್ ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಡಲೇಬೇಕು ಅಂತಿಲ್ಲ, ಕೇಳಬಹುದು. ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತಗೊಳ್ಳಬಹುದು ಅನ್ನೋದು ನೆನಪಿರಲಿ. ಅದಕ್ಕೇ ಕೊಡುವವರಾದರೆ ದುಡ್ಡನ್ನು ಒಂದೇ ಸಲ ಕೊಡಬೇಡಿ, ತಗೊಳ್ಳುವವರಾದರೆ ಕೊನೆಗೆ ಪೂರ್ತಿ ಕೊಡ್ತೀನಿ ಅನ್ನೋ ಮಾತನ್ನು ನಂಬಬೇಡಿ. ಅರ್ಜಿ ಹಾಕುವ ದಿನ ಒಂದಿಷ್ಟು, ಕೊನೆಯ ದಿನ ಜಡ್ಜ್ ಮುಂದೆ ಉಳಿದದ್ದಕ್ಕೆ ಡಿಡಿ. ನಾವು ಹಾಗೇ ಮಾಡಿದೆವು.

ಈಗ ಬೇಕರಿ. ಇದಕ್ಕೆ ಬೇರೆ ಕೇಸ್ ಹಾಕಬೇಡಿ ಅನ್ನೋದು ನನ್ನ ಖಚಿತ ಅಭಿಪ್ರಾಯ. ಡೈವೋರ್ಸ್ ಒಪ್ಪಂದದಲ್ಲೇ ಬೇಕರಿಯ ಷರತ್ತನ್ನೂ ಸೇರಿಸಬಹುದು, ಎರಡೂ ಒಂದೇ ಮೇಜಿಗೆ ಬರಲಿ. ಬೇರೆ ಬೇರೆ ಕಡೆ ಹಾಕಿದರೆ "ಅಲ್ಲಿ ಸಹಿ ಹಾಕು, ಇಲ್ಲಿ ಹಾಕ್ತೀನಿ" ಅನ್ನೋ ಆಟ ಶುರುವಾಗುತ್ತದೆ.

ನಿಮ್ಮ ಯಜಮಾನರು ಒಪ್ಪದಿದ್ದರೆ ಪಾಲುದಾರಿಕೆ ಕರಾರು ತೆಗೆದು ಕೊನೆಯ ಪುಟ ಓದಿ. ವ್ಯಾಜ್ಯ ಬಂದರೆ ಆರ್ಬಿಟ್ರೇಶನ್ ಅಂತ ಬರೆದಿದ್ದರೆ ದಾರಿ ಅದೇ. ಖಾಸಗಿ ಜಡ್ಜ್ ಇಟ್ಟುಕೊಂಡಂತೆ. ತೀರ್ಪು ಬೇಗ ಸಿಗಬಹುದು, ಆದರೆ ಫೀಸ್ ಕೈ ಕಚ್ಚುತ್ತದೆ. ಒಂದು ಬೇಕರಿಗೆ ಅಷ್ಟು ಬೇಕಾ? ಅಂಥ ಸಾಲು ಇಲ್ಲದಿದ್ದರೆ, ವ್ಯಾಜ್ಯದ ಮೊತ್ತ 3 ಲಕ್ಷ ಮುಟ್ಟಿದ್ದರೆ, ವಾಣಿಜ್ಯ ನ್ಯಾಯಾಲಯಕ್ಕೆ ಹೋಗುವ ಮೊದಲು ಮಧ್ಯಸ್ಥಿಕೆ ಕಡ್ಡಾಯ, ತುರ್ತು ತಡೆಯಾಜ್ಞೆ ಬೇಕಿದ್ದರೆ ಮಾತ್ರ ವಿನಾಯಿತಿ. ನನ್ನ ಪಾಲುದಾರನ ಜೊತೆ ಮುಗಿದದ್ದು ಹೀಗೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ 1,000 ರೂಪಾಯಿ ಕಟ್ಟಿ ಅರ್ಜಿ ಕೊಟ್ಟೆ. 3ರಿಂದ 10 ಲಕ್ಷದವರೆಗಿನ ವ್ಯಾಜ್ಯಕ್ಕೆ ಮಧ್ಯಸ್ಥಿಕೆ ಫೀಸ್ 15,000, ಇಬ್ಬರೂ ಅರ್ಧರ್ಧ. ಮೂರು ತಿಂಗಳ ಗಡುವು, ಇಬ್ಬರೂ ಒಪ್ಪಿದರೆ ಇನ್ನೆರಡು. ಎದುರಿನವರು ಬರದೇ ಇದ್ದರೆ ಹಾಗಂತ ವರದಿ ಕೊಡುತ್ತಾರೆ, ಆಮೇಲೆ ದಾವೆ ಹೂಡಬಹುದು. ಒಪ್ಪಂದವಾದರೆ ಅದಕ್ಕೆ ಆರ್ಬಿಟ್ರೇಶನ್ ತೀರ್ಪಿನಷ್ಟೇ ಬಲ.

ಬೇಕರಿಯಲ್ಲಿ ನಿಜವಾದ ಗುಂಡಿ ಬ್ಯಾಂಕ್. "ಸಾಲ ಅವರು ತೀರಿಸುತ್ತಾರೆ" ಅಂತ ನೀವಿಬ್ಬರೂ ಎಷ್ಟು ಚಂದ ಬರೆದುಕೊಂಡರೂ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ನಿಮ್ಮ ಸಹಿ ಇರುವವರೆಗೆ ಕಂತು ತಪ್ಪಿದರೆ ನಿಮಗೂ ಫೋನ್ ಬರುತ್ತದೆ. ಸಾಲದಿಂದ ನಿಮ್ಮ ಹೆಸರು ತೆಗೆದ ಪತ್ರ ಬ್ಯಾಂಕಿನಿಂದ ಬಂದ ಮೇಲೇ ಪಾಲು ಬಿಟ್ಟುಕೊಡುವ ಸಹಿ ಅಂತ ಷರತ್ತು ಹಾಕಿಸಿ. ಇಬ್ಬರೇ ಇರುವ ಫರ್ಮಿನಿಂದ ಒಬ್ಬರು ಹೊರಬಿದ್ದರೆ ಫರ್ಮೇ ಉಳಿಯೋದಿಲ್ಲ. ಅಂಗಡಿ ನಡೆಸುವವರು ಹೊಸ ಜಿಎಸ್‌ಟಿ, ಹೊಸ ಫುಡ್ ಲೈಸೆನ್ಸ್ ಮಾಡಿಸಬೇಕು. ಫರ್ಮ್ ಮುಚ್ಚಿದ ಬಗ್ಗೆ ಸಾರ್ವಜನಿಕ ಪ್ರಕಟಣೆಯನ್ನೂ ಕೊಡಿಸಿ. ಇಲ್ಲದಿದ್ದರೆ ಆಮೇಲೆ ಅವರು ಮೈದಾ ಸಾಲ ತಂದರೂ ಅಂಗಡಿಯವನು ನಿಮ್ಮ ಬಾಗಿಲಿಗೆ ಬರಬಹುದು.

ನೀವು ಬರೆದಿಲ್ಲ, ಆದರೂ ಹೇಳಬೇಕು. ಹೊಡೆತ ಬಡಿತ, ಬೆದರಿಕೆ ಇದ್ದರೆ ಮೇಜಿನ ಎದುರುಬದುರು ಕೂರೋ ಮಾತು ಪಕ್ಕಕ್ಕಿಡಿ. ಹೆದರಿಕೊಂಡು ಒಪ್ಪಿದ್ದು ಒಪ್ಪಂದ ಆಗಲ್ಲ. ಮೊದಲು ರಕ್ಷಣೆಯ ಆದೇಶ ತಗೊಳ್ಳಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.

ಅಂಥದ್ದೇನೂ ಇಲ್ಲ ಅಂದರೆ ನಿಮ್ಮ ಜಿಲ್ಲಾ ಕೋರ್ಟ್ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಕೇಸ್ ಹಾಕುವ ಮೊದಲೇ ಮಧ್ಯಸ್ಥಿಕೆ ಬೇಕು ಅಂತ ಕೇಳಿ. ಹೋಗುವಾಗ ಪಾಲುದಾರಿಕೆ ಕರಾರು, ಅಂಗಡಿ ಬಾಡಿಗೆ ಕರಾರು (ಅಡ್ವಾನ್ಸ್ ಯಾರ ಹೆಸರಲ್ಲಿದೆ ನೋಡಿ), ಸಾಲದ ಸ್ಟೇಟ್‌ಮೆಂಟ್, ಮೂರು ವರ್ಷದ ಜಿಎಸ್‌ಟಿ ರಿಟರ್ನ್ ಇಟ್ಟುಕೊಂಡಿರಿ. ಓವನ್, ಹಿಟ್ಟು ಕಲಸೋ ಮೆಷಿನ್ನಿನ ಹಳೇ ಬಿಲ್ ಸಿಕ್ಕರೆ ಅವನ್ನೂ. ಒಡವೆ ಏನಾದರೂ ಅಡ ಇದ್ದರೆ ರಸೀದಿ ಮರೆಯಬೇಡಿ.