"ಮಾತ್ರೆ ಏನೂ ಇಲ್ಲ, ವಿಟಮಿನ್ ಅಷ್ಟೇ"

ಗುರುತು ಸಿಗದಂತೆ ಹೆಸರು, ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಸುಮಾ ಎನ್ನೋಣ.

ಸುಮಾ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಮೂರು ವಾರದಿಂದ ಎದೆ ಡವಡವ, ಕೈ ನಡುಕ. ಕೂತ ಹತ್ತು ನಿಮಿಷಕ್ಕೇ ಮೊಬೈಲ್ ತೆಗೆದು ಒಂದು ಪಿಡಿಎಫ್ ತೋರಿಸಿದರು. ಸುಮ್ನೆ ಒಂದ್ಸಲ ನೋಡೋಣ ಅಂತ ಮಾಡಿಸಿದ್ದ ಚೆಕಪ್ ರಿಪೋರ್ಟ್. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎನ್ನುವ ಹಾರ್ಮೋನು ಟಿಎಸ್‌ಎಚ್ ತೀರಾ ಕಡಿಮೆ, ಆ ಗ್ರಂಥಿ ಬಿಡುವ ಹಾರ್ಮೋನು ಟಿ4 ಜಾಸ್ತಿ. ಎರಡೂ ದಪ್ಪ ಅಕ್ಷರದಲ್ಲಿ. ಇನ್ನೆರಡು ಅಂಕಿ ಕೂದಲೆಳೆಯಷ್ಟು ಗೆರೆಯಾಚೆ.

"ಥೈರಾಯ್ಡ್ ಜಾಸ್ತಿಯಾದರೆ ಏನಾಗುತ್ತೆ ಅಂತ ಓದಿದೆ ಮೇಡಂ. ಎದೆಬಡಿತ, ನಡುಕ, ನಿದ್ದೆಗೇಡು. ಎಲ್ಲಾ ನನಗಿದೆ."

"ರಿಪೋರ್ಟ್ ಬರುವ ಮುಂಚೆಯೂ ಇತ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇರಲಿಲ್ಲ."

ಭಯಕ್ಕೂ ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ, ನಿದ್ದೆ ಓಡಿಹೋಗುತ್ತದೆ. ಹಾಗಂತ "ಎಲ್ಲ ಬರೀ ಭಯ" ಎಂದು ನಾನು ಹೇಳಲಿಲ್ಲ. ನಾನು ಡಾಕ್ಟರ್ ಅಲ್ಲ. ಥೈರಾಯ್ಡ್ ನಿಜವಾಗಿ ಜಾಸ್ತಿಯಾದರೂ ಇವೇ ಲಕ್ಷಣ ಅಲ್ವಾ? ಡಾಕ್ಟರಿಗೆ ತೋರಿಸಿದಿರಾ ಎಂದರೆ, ಇನ್ನೂ ಇಲ್ಲ. ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆ.

ಇಲ್ಲಿ ನನ್ನದೂ ಒಂದು ತಪ್ಪಿದೆ. ಮೊದಲ ದಿನದ ಫಾರಂನಲ್ಲಿ "ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?" ಎಂಬ ಪ್ರಶ್ನೆ ಇತ್ತು. ಅವರು "ಇಲ್ಲ" ಎಂದು ಬರೆದಿದ್ದರು. ನಾನು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಎರಡನೇ ಭೇಟಿಯಲ್ಲಿ ಅವರು ಕರ್ಚೀಫು ಹುಡುಕುವಾಗ ಬ್ಯಾಗಿನಿಂದ ಒಂದು ಡಬ್ಬಿ ಉರುಳಿತು. ಕೂದಲು, ಉಗುರಿಗೆಂದು ಮಾರುವ ಬಯೋಟಿನ್, ಒಂದೊಂದು 10 ಮಿಲಿಗ್ರಾಂ. ನಾಲ್ಕು ತಿಂಗಳಿಂದ ದಿನಾ ನುಂಗುತ್ತಿದ್ದರಂತೆ.

"ಇದು ಮಾತ್ರೆ ಅಲ್ವಲ್ಲ ಮೇಡಂ, ವಿಟಮಿನ್ ಅಷ್ಟೇ."

ದೊಡ್ಡವರಿಗೆ ದಿನಕ್ಕೆ ಸಾಕೆನ್ನುವ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಆ ಒಂದು ಮಾತ್ರೆಯಲ್ಲಿ ಅದರ 300 ಪಟ್ಟಿಗಿಂತ ಜಾಸ್ತಿ. ಅಷ್ಟು ತಿಂದರೆ ಮೈಗೆ ದೊಡ್ಡ ಕೆಡುಕು ಆಗುವುದು ಅಪರೂಪ. ಎಡವಟ್ಟಾಗುವುದು ಲ್ಯಾಬಿನಲ್ಲಿ. ರಕ್ತದಲ್ಲಿರುವ ಹಾರ್ಮೋನನ್ನು ಹಿಡಿದು ಅಳೆಯಲು ಹಲವು ಪರೀಕ್ಷೆಗಳು ಬಯೋಟಿನ್ನನ್ನೇ ಕೊಂಡಿಯಂತೆ ಬಳಸುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದು ಹೋಗಿ ಕೊಂಡಿಯ ಜಾಗ ಹಿಡಿದು ಕೂರುತ್ತದೆ. ಆಗ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಜಾಸ್ತಿ ಕಾಣಬಹುದು. ಥೈರಾಯ್ಡ್ ಜಾಸ್ತಿಯಾದವರ ರಿಪೋರ್ಟಿನ ತದ್ರೂಪು! ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯೂ ಕೆಲವೊಮ್ಮೆ ಹೀಗೆಯೇ ಸುಳ್ಳಾಗಿ ಕಡಿಮೆ ತೋರಿಸಬಹುದು. ಎದೆನೋವೆಂದು ಆಸ್ಪತ್ರೆಗೆ ಓಡಿದಾಗಲೂ ಬಯೋಟಿನ್ ವಿಷಯ ಹೇಳಲೇಬೇಕು.

ಸುಮಾರ ವಿಷಯದಲ್ಲೂ ಹೀಗೇ ಆಗಿದೆ ಎಂದು ಹೇಳುವುದು ನನ್ನ ಕೆಲಸವಲ್ಲ. ಆದ್ದರಿಂದ ನಾನು ಕೊಟ್ಟ ಸಲಹೆ ಚಿಕ್ಕದು. ಡಬ್ಬಿಯನ್ನೇ ಡಾಕ್ಟರ ಮೇಜಿನ ಮೇಲಿಡಿ. ಎಷ್ಟು ದಿನದಿಂದ, ರಕ್ತ ಕೊಟ್ಟ ದಿನ ಬೆಳಿಗ್ಗೆ ತಿಂದಿದ್ದಿರಾ ಎಂದು ಬರೆದಿಟ್ಟುಕೊಳ್ಳಿ. ಹೆದರಿಕೆಯಲ್ಲಿ ಮಾತು ಮರೆಯುತ್ತದೆ.

ಇನ್ನೆರಡು ಅಂಕಿಗಳ ಬಗ್ಗೆಯೂ ಮಾತಾಡಿದೆವು. ರಿಪೋರ್ಟಿನ ಪಕ್ಕದಲ್ಲಿರುವ "ಸಾಮಾನ್ಯ ಮಿತಿ" ಹೆಚ್ಚಾಗಿ ಆರೋಗ್ಯವಂತರಲ್ಲಿ 100ಕ್ಕೆ 95 ಜನರ ಅಂಕಿ ಬೀಳುವ ಜಾಗ. ಉಳಿದ ಐವರಿಗೂ ಕಾಯಿಲೆಯೇನಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಗಟ್ಟಿಮುಟ್ಟಾದ 100 ಜನರಲ್ಲಿ ಸುಮಾರು 64 ಜನಕ್ಕೆ ಒಂದಾದರೂ ಗೆರೆ ದಾಟುತ್ತದೆ. ಇದನ್ನು ಕೇಳಿ ಸುಮಾ ಮೊದಲ ಸಲ ನಕ್ಕರು. "ಹಾಗಾದ್ರೆ ಏನೂ ದಪ್ಪ ಅಕ್ಷರ ಇಲ್ಲದವರೇ ಕಮ್ಮಿ!"

ರಾತ್ರಿಯ ಓದು ನಿಲ್ಲಿಸುವುದು ಕಷ್ಟವಾಯಿತು. ಸಂಜೆ 15 ನಿಮಿಷ ಮಾತ್ರ ರಿಪೋರ್ಟ್ ನೋಡಿ ಎಂದಿದ್ದೆ. ಬಾತ್‌ರೂಮಿನಲ್ಲಿ ಕೂತು ನೋಡಿದೆ ಎಂದು ಮುಂದಿನ ವಾರ ಒಪ್ಪಿಕೊಂಡರು. ಕೊನೆಗೆ ಒಂದು ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿ, ಮೊಬೈಲಿನಿಂದ ಪಿಡಿಎಫ್ ಅಳಿಸಿದರು. ಅದು ನನ್ನ ಸಲಹೆಗಿಂತ ಚೆನ್ನಾಗಿ ಕೆಲಸ ಮಾಡಿತು.

ಡಾಕ್ಟರ್ ಪರೀಕ್ಷೆ ಮಾಡಿ, ಬಯೋಟಿನ್ ಕೆಲವು ದಿನ ಬಿಡಿಸಿ, ಮತ್ತೆ ರಕ್ತ ತೆಗೆಸಿದರು. ಟಿಎಸ್‌ಎಚ್, ಟಿ4 ಎರಡೂ ಸರಿಯಾಗಿದ್ದವು. ನಿದ್ದೆ ಮಾತ್ರ ಅಷ್ಟು ಬೇಗ ಬರಲಿಲ್ಲ, ಇನ್ನೊಂದು ತಿಂಗಳು ಹಿಡಿಯಿತು. ಕೂದಲು ಉದುರುವುದಕ್ಕೆ ಕಾರಣ ಏನೆಂದು ಡಾಕ್ಟರ್ ಈಗ ಬೇರೆಯಾಗಿ ನೋಡುತ್ತಿದ್ದಾರೆ.

ನನ್ನ ಫಾರಂನಲ್ಲಿ ಆ ಪ್ರಶ್ನೆ ಬದಲಾಗಿದೆ. ಈಗ ಹೀಗಿದೆ: "ದಿನಾ ಏನೇನು ನುಂಗುತ್ತೀರಿ? ವಿಟಮಿನ್, ಪುಡಿ, ಟಾನಿಕ್ ಎಲ್ಲ ಬರೆಯಿರಿ." ಮೊದಲು ಅರ್ಧ ಸಾಲು ಬಿಟ್ಟಿದ್ದ ಜಾಗದಲ್ಲಿ ಈಗ ಆರು ಸಾಲು ಬಿಟ್ಟಿದ್ದೇನೆ. ಕೆಲವರಿಗೆ ಅದೂ ಸಾಲುವುದಿಲ್ಲ.