ಬಫಲೋ ಸೇಬರ್ಸ್ ಅಭಿಮಾನಿಗಳಿಗೆ ಮ್ಯಾನೇಜ್‌ಮೆಂಟ್ ಮೇಲೆ ಇಷ್ಟು ಸಿಟ್ಟು ಯಾಕೆ?

ನಿಮ್ಮ ಪ್ರಶ್ನೆ ಇದು: ಕೆಲಸದ ಮೇಲೆ ಬಫಲೋಗೆ ಬಂದಿದ್ದೀರಿ, ಆಫೀಸಿನಲ್ಲಿ ಐಸ್ ಹಾಕಿ ಮಾತು ಬಂದರೆ ಸಾಕು, ಎಲ್ಲರೂ ಸೇಬರ್ಸ್ ಮ್ಯಾನೇಜ್‌ಮೆಂಟಿಗೆ ಬೈಯುತ್ತಾರೆ. ತಂಡವನ್ನು ಹೊಸದಾಗಿ ಕಟ್ಟುವಾಗ ಸೋಲು ಸಹಜ ತಾನೇ, ಸ್ವಲ್ಪ ಟೈಮ್ ಕೊಡಬಾರದಾ?

ಟೈಮ್ ಕೊಟ್ಟಿದ್ದಾರೆ ಸ್ವಾಮಿ, ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟಿದ್ದಾರೆ. 2015ರ ಮಾರ್ಚ್ 26ರಂದು ಬಫಲೋದ ಅರೀನಾದಲ್ಲೇ ಅರಿಜೋನಾ ಕಯೋಟೀಸ್ ಓವರ್‌ಟೈಮಿನಲ್ಲಿ ಗೋಲು ಹೊಡೆದು ಗೆದ್ದಾಗ, ದುಡ್ಡು ಕೊಟ್ಟು ಬಂದು ಕೂತಿದ್ದ ಸೇಬರ್ಸ್ ಅಭಿಮಾನಿಗಳೇ ಕೇಕೆ ಹಾಕಿದ್ದರು. ಆ ವರ್ಷ ಪಟ್ಟಿಯ ತಳದಲ್ಲಿ ಈ ಎರಡು ತಂಡಗಳ ನಡುವೆ ಪೈಪೋಟಿ. ಕೊನೆಯ ಸ್ಥಾನಕ್ಕೆ ಬಿದ್ದವರಿಗೆ ಆ ಸಲದ ಹೊಸ ಹುಡುಗರಲ್ಲಿ ಎಲ್ಲರೂ ಬಯಸಿದ್ದ ಕಾನರ್ ಮೆಕ್‌ಡೇವಿಡ್ ಸಿಗುವ ಸಾಧ್ಯತೆ ಎಲ್ಲರಿಗಿಂತ ಹೆಚ್ಚು; ಅವನು ತಪ್ಪಿದರೂ ಎರಡನೇ ಪಿಕ್ (ಹೊಸ ಹುಡುಗನನ್ನು ಆರಿಸುವ ಸರದಿ) ಗ್ಯಾರಂಟಿ, ಅಂದರೆ ಜ್ಯಾಕ್ ಐಕೆಲ್. ಹೀಗೆ ತಮ್ಮ ತಂಡದ ಸೋಲಿಗೆ ಚಪ್ಪಾಳೆ ತಟ್ಟಿದ ಜನರಿಗೆ ತಾಳ್ಮೆಯ ಪಾಠ ಹೇಳಲು ಹೋದರೆ ಯಾರಿಗಾದರೂ ಮೈ ಉರಿಯುತ್ತದೆ. ಸೋತು ಸಂಪಾದಿಸಿದ್ದನ್ನೆಲ್ಲ ಮ್ಯಾನೇಜ್‌ಮೆಂಟ್ ಕೈಯಾರೆ ಕಳೆಯಿತು ಅನ್ನೋದು ಅವರ ದೂರು. ಮುಂದೆ ಕೊಡುವುದು 2025ರ ಬೇಸಿಗೆಯ ತನಕದ ಲೆಕ್ಕ.

ಮೊದಲು, ಸೇಬರ್ಸ್ ಆಡುವ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಸೋತರೆ ಏನು ಸಿಗುತ್ತದೆ ಅನ್ನೋದು ಗೊತ್ತಿರಬೇಕು. ಐಪಿಎಲ್‌ನ ಹಾಗೆ ಮೂರು ವರ್ಷಕ್ಕೊಮ್ಮೆ ಮೆಗಾ ಹರಾಜು ನಡೆದು ಎಲ್ಲವೂ ಕಲಸಿಹೋಗಿ ಮತ್ತೆ ಶುರುವಾಗುವ ವ್ಯವಸ್ಥೆ ಇಲ್ಲಿಲ್ಲ. ಒಳ್ಳೆಯ ಆಟಗಾರ ಸಿಗುವ ಅಗ್ಗದ ದಾರಿ ಡ್ರಾಫ್ಟ್ ಒಂದೇ. ಹದಿನೆಂಟರ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ, ಕೆಳಗಿದ್ದವರಿಗೆ ಮೊದಲ ಸರದಿ. ಬೇಕೆಂದೇ ಸೋಲಬಾರದು ಅಂತ ಮೊದಲ ಪಿಕ್‌ಗಳಿಗೆ ಲಾಟರಿ ಇಟ್ಟಿದ್ದಾರೆ: 14 ಚೆಂಡುಗಳಲ್ಲಿ 4 ಎತ್ತುತ್ತಾರೆ, ಆಗುವ ಜೋಡಣೆಗಳು 1001, ಅವನ್ನು ಸೋತ ತಂಡಗಳಿಗೆ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಹಂಚಿರುತ್ತಾರೆ. 2015ರಲ್ಲಿ ಕೊನೆಯ ಸ್ಥಾನದ ಬಫಲೋಗೆ ಇದ್ದದ್ದು 20% ಅವಕಾಶ. ಗೆದ್ದದ್ದು 11.5% ಇದ್ದ ಎಡ್ಮಂಟನ್. ಈಗಿನ ನಿಯಮದಲ್ಲಿ ಎರಡು ಬಾರಿ ಚೀಟಿ ಎತ್ತುತ್ತಾರೆ, ಒಂದು ತಂಡ 10 ಸ್ಥಾನಕ್ಕಿಂತ ಹೆಚ್ಚು ಮೇಲೆ ಜಿಗಿಯುವಂತಿಲ್ಲ, ಹಾಗಾಗಿ ಕೊನೆಯ ಸ್ಥಾನದವರಿಗೆ ಮೊದಲ ಪಿಕ್ ಸಿಗುವ ಸಾಧ್ಯತೆ 25.5%. ಅಂದರೆ ವರ್ಷವಿಡೀ ಸೋತರೂ ನಾಲ್ಕರಲ್ಲಿ ಮೂರು ಸಲ ಮೊದಲ ಪಿಕ್ ಕೈತಪ್ಪುತ್ತದೆ. ಲಾಟರಿ ತಪ್ಪಿದ್ದಕ್ಕೆ ಮ್ಯಾನೇಜ್‌ಮೆಂಟನ್ನು ಯಾರೂ ದೂರುವುದಿಲ್ಲ, ದೂರಬಾರದು ಕೂಡ.

ಆಟ ನಿಜವಾಗಿ ಶುರುವಾಗುವುದು ಪಿಕ್ ಸಿಕ್ಕ ಮೇಲೆ. ಹೊಸ ಹುಡುಗನ ಮೊದಲ ಒಪ್ಪಂದ ಮೂರು ವರ್ಷದ್ದು, ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿ. ಐಕೆಲ್ ಕಾಲಕ್ಕೆ ಮೂಲ ಸಂಬಳ ವರ್ಷಕ್ಕೆ 9.25 ಲಕ್ಷ ಡಾಲರ್, ಬೋನಸ್ ಬೇರೆ. ಮೂರು ವರ್ಷ ಮುಗಿದ ಮೇಲೆ ಅದೇ ಐಕೆಲ್‌ಗೆ ಎಂಟು ವರ್ಷದ ಒಪ್ಪಂದ, ವರ್ಷಕ್ಕೆ 1 ಕೋಟಿ ಡಾಲರ್. ತಂಡದ ಒಟ್ಟು ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಅನ್ನೋ ಮಿತಿ ಇದೆ (2024-25ರಲ್ಲಿ 8.8 ಕೋಟಿ, 2025-26ಕ್ಕೆ 9.55 ಕೋಟಿ ಡಾಲರ್). ಹಾಗಾಗಿ ಸ್ಟಾರ್ ಅಗ್ಗವಾಗಿರುವ ಆ ಮೂರು ವರ್ಷದಲ್ಲಿ ಮಿಕ್ಕ ದುಡ್ಡಿನಿಂದ ಅನುಭವಿಗಳನ್ನು ತಂದು ತಂಡ ಗಟ್ಟಿ ಮಾಡಿಕೊಳ್ಳಬೇಕು. ರಿಬಿಲ್ಡ್‌ನ, ಅಂದರೆ ತಂಡವನ್ನು ಹೊಸದಾಗಿ ಕಟ್ಟುವ ಕೆಲಸದ, ಗಡಿಯಾರ ಅಂದರೆ ಇದೇ. ಹದಿನೆಂಟಕ್ಕೇ ಎನ್‌ಎಚ್‌ಎಲ್ ಆಡಲು ಶುರು ಮಾಡಿದವನು ಏಳು ಸೀಸನ್ ಆದ ಮೇಲೆ, ಅಂದರೆ ಇಪ್ಪತ್ತೈದಕ್ಕೆ, ಒಪ್ಪಂದ ಮುಗಿದಿದ್ದರೆ ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಐಕೆಲ್‌ನ ಅಗ್ಗದ ಮೂರು ವರ್ಷಗಳಲ್ಲಿ ಸೇಬರ್ಸ್ ಪಡೆದ ಅಂಕ 81, 78, 62. ಮೂರನೇ ವರ್ಷ ಮತ್ತೆ ಕಟ್ಟಕಡೆಯ ಸ್ಥಾನ. ಗಡಿಯಾರ ಮುಗಿಯಿತು, ತಂಡ ಇದ್ದಲ್ಲೇ ಇತ್ತು.

2013ರಿಂದೀಚೆಗೆ ನಾಲ್ಕು ಸಲ ಈ ತಂಡ ಲೀಗಿನಲ್ಲಿ ಕಡೆಯದಾಗಿದೆ: 2013-14, 2014-15, 2017-18, 2020-21. ಸಿಕ್ಕವರು ಸ್ಯಾಮ್ ರೈನ್‌ಹಾರ್ಟ್ (2ನೇ ಪಿಕ್), ಐಕೆಲ್ (2ನೇ), ರಾಸ್ಮಸ್ ಡಾಲಿನ್ (1ನೇ), ಓವನ್ ಪವರ್ (1ನೇ). ಪಿಕ್‌ಗಳೇನೂ ಕೆಟ್ಟವಲ್ಲ ನೋಡಿ. 2025ರ ತನಕ ನೋಡಿದರೆ ಕೊನೆಯ ಪ್ಲೇಆಫ್ ಮಾತ್ರ 2011ರದ್ದು. 2024-25 ಮುಗಿದಾಗ ಸತತ 14 ಸೀಸನ್ ಆಯಿತು. ಎನ್‌ಎಚ್‌ಎಲ್ ಇತಿಹಾಸದಲ್ಲೇ ಉದ್ದದ ಬರಗಾಲ, ಹಳೆಯ ದಾಖಲೆ 10 ಸೀಸನ್‌ಗಳದ್ದು.

ಹೊಟ್ಟೆ ಉರಿಸುವುದು ಹೊರಹೋದವರ ಪಟ್ಟಿ. 2018ರ ಜುಲೈ 1ರಂದು ರಯಾನ್ ಓರೈಲಿಯನ್ನು ಸೇಂಟ್ ಲೂಯಿಸ್‌ಗೆ ಟ್ರೇಡ್ (ಅದಲುಬದಲು) ಮಾಡಿದರು. ಅವತ್ತೇ ಅವನಿಗೆ 75 ಲಕ್ಷ ಡಾಲರ್ ಬೋನಸ್ ಕೊಡುವುದಿತ್ತು, ಅದನ್ನು ಸೇಂಟ್ ಲೂಯಿಸ್ ಕೊಟ್ಟಿತು. ಮುಂದಿನ ಜೂನ್‌ನಲ್ಲಿ ಅವನ ಕೈಯಲ್ಲಿ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್, ಜೊತೆಗೆ ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿ. 2021ರಲ್ಲಿ ರೈನ್‌ಹಾರ್ಟ್ ಫ್ಲೋರಿಡಾಕ್ಕೆ ಹೋದ; 2023-24ರಲ್ಲಿ 57 ಗೋಲು, ಆಮೇಲೆ ಫೈನಲ್‌ನ ಏಳನೇ ಪಂದ್ಯದಲ್ಲಿ ಕಪ್ ಗೆಲ್ಲಿಸಿದ ಗೋಲೂ ಅವನದೇ. ಅದೇ ತಂಡದಲ್ಲಿದ್ದ ಡಿಫೆನ್ಸ್ ಆಟಗಾರ ಬ್ರ್ಯಾಂಡನ್ ಮೊಂಟೂರ್‌ನನ್ನು ಬಫಲೋ ಕೊಟ್ಟದ್ದು ಒಂದು ಮೂರನೇ ಸುತ್ತಿನ ಪಿಕ್‌ಗೆ. ಗೋಲ್‌ಕೀಪರ್ ಲೀನಸ್ ಉಲ್‌ಮಾರ್ಕ್ ಒಪ್ಪಂದ ಮುಗಿಸಿಕೊಂಡು 2021ರಲ್ಲಿ ಬಾಸ್ಟನ್‌ಗೆ ಹೊರಟುಹೋದ, ಬಫಲೋಗೆ ಬದಲಿಗೆ ಬಿಡಿಗಾಸಿನ ಪಿಕ್ ಕೂಡ ಸಿಗಲಿಲ್ಲ, 2023ರಲ್ಲಿ ಅವನಿಗೆ ವರ್ಷದ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಬಂತು. ಐಕೆಲ್‌ದು ಬೇರೆಯೇ ಕಥೆ. ಕುತ್ತಿಗೆಯ ಡಿಸ್ಕ್ ಸಮಸ್ಯೆಗೆ ಅವನು ಕೃತಕ ಡಿಸ್ಕ್ ಹಾಕಿಸಿಕೊಳ್ಳಬೇಕೆಂದ, ತಂಡ ಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆ ಆಗಲಿ ಎಂದಿತು. ಲೀಗಿನ ಒಪ್ಪಂದದ ಪ್ರಕಾರ ಕೊನೆಯ ಮಾತು ತಂಡದ್ದೇ. ಜಗಳ ತಿಂಗಳುಗಟ್ಟಲೆ ಎಳೆದು, ನಾಯಕತ್ವ ಕಿತ್ತುಕೊಂಡು, 2021ರ ನವೆಂಬರ್‌ನಲ್ಲಿ ವೇಗಸ್‌ಗೆ ಕೊಟ್ಟರು. ವೇಗಸ್ ಅವನಿಗೆ ಬೇಕಾದ ಚಿಕಿತ್ಸೆಗೆ ಒಪ್ಪಿತು. 2023ರಲ್ಲಿ ಅವರು ಕಪ್ ಗೆದ್ದರು, ಪ್ಲೇಆಫ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 26 ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವು ಸೇರಿ), ಐಕೆಲ್‌ದೇ.

ಮ್ಯಾನೇಜ್‌ಮೆಂಟ್ ಪರವಾಗಿಯೂ ಒಂದು ಮಾತು ಹೇಳಬೇಕು. ಓರೈಲಿಗೆ ಬದಲಾಗಿ ಬಂದವರಲ್ಲಿ ಟೇಜ್ ಥಾಂಪ್ಸನ್ ಇದ್ದ, 2022-23ರಲ್ಲಿ 47 ಗೋಲು ಹೊಡೆದ, ಅವನ ಜೊತೆಗಿನ ಏಳು ವರ್ಷದ ಒಪ್ಪಂದ (ವರ್ಷಕ್ಕೆ ಸುಮಾರು 71.4 ಲಕ್ಷ) ಲೀಗಿನ ಒಳ್ಳೆಯ ಬೇರಂಗಳಲ್ಲಿ ಒಂದು. ಐಕೆಲ್ ಟ್ರೇಡ್‌ನಲ್ಲಿ ಬಂದ ಅಲೆಕ್ಸ್ ಟಕ್ ಕೂಡ ಗಟ್ಟಿ ಆಟಗಾರ. ಹಾಗಾಗಿ ಪ್ರತಿ ಟ್ರೇಡೂ ದಂಡ ಅನ್ನುವುದು ಅತಿಯಾಯಿತು. ಆದರೆ ಇವತ್ತು ಆಡುವವನನ್ನು ಕೊಟ್ಟು ಐದು ವರ್ಷದ ಮೇಲೆ ಆಡುವವನನ್ನು ತರುವುದು ರಿಬಿಲ್ಡ್‌ನ ಮೊದಲ ವರ್ಷದಲ್ಲಿ ಸರಿ. ಆರನೇ ವರ್ಷದಲ್ಲೂ ಅದನ್ನೇ ಮಾಡಿದರೆ ಗಡಿಯಾರವನ್ನು ಮತ್ತೆ ಸೊನ್ನೆಗೆ ತಿರುಗಿಸಿದ ಹಾಗೆ.

ದುಡ್ಡಿನ ತಪ್ಪು ಹೇಗೆ ಕಾಡುತ್ತದೆ ಅನ್ನೋದಕ್ಕೆ ಜೆಫ್ ಸ್ಕಿನ್ನರ್ ಲೆಕ್ಕ ಒಂದನ್ನು ಬಿಡಿಸಿ ನೋಡಿ. 2019ರಲ್ಲಿ ಅವನಿಗೆ ಎಂಟು ವರ್ಷಕ್ಕೆ, ವರ್ಷಕ್ಕೆ 90 ಲಕ್ಷ ಡಾಲರ್ ಒಪ್ಪಂದ ಕೊಟ್ಟರು. 2024ರ ಬೇಸಿಗೆಯಲ್ಲಿ ಮೂರು ವರ್ಷ ಬಾಕಿ ಇರುವಾಗ ಬೈಔಟ್ ಮಾಡಿ, ಅಂದರೆ ದುಡ್ಡು ಕೊಟ್ಟು ಒಪ್ಪಂದ ಮುಗಿಸಿ, ಬಿಟ್ಟರು. ನಿಯಮ ಹೀಗೆ: ಬಾಕಿ ಸಂಬಳದ ಮೂರನೇ ಎರಡು ಭಾಗವನ್ನು, ಬಾಕಿ ವರ್ಷಗಳ ಎರಡರಷ್ಟು ಕಾಲದಲ್ಲಿ ಸಮನಾಗಿ ಕೊಡಬೇಕು. ಬಾಕಿ ಇದ್ದದ್ದು 100, 70, 50 ಲಕ್ಷ, ಒಟ್ಟು 220 ಲಕ್ಷ. ಅದರ ಮೂರನೇ ಎರಡು ಭಾಗ 146.67 ಲಕ್ಷ; ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 24.44 ಲಕ್ಷ. ಕ್ಯಾಪ್‌ನಲ್ಲಿ ಮೂಲ 90 ಲಕ್ಷದಿಂದ ಆ ವರ್ಷ ಉಳಿಸಿದ ಸಂಬಳವನ್ನಷ್ಟೇ ಕಳೆಯಬೇಕು. ಮೊದಲ ವರ್ಷ ಉಳಿದದ್ದು 75.56 ಲಕ್ಷ, ಕ್ಯಾಪ್ ಹೊರೆ 14.44 ಲಕ್ಷ. ಎರಡನೇ ವರ್ಷ 44.44. ಮೂರನೇ ವರ್ಷ, 2026-27ರಲ್ಲಿ, 64.44 ಲಕ್ಷ. ಆಮೇಲೆ ಇನ್ನೂ ಮೂರು ವರ್ಷ ತಲಾ 24.44 ಲಕ್ಷ. ಮೊದಲ ವರ್ಷ ಹಗುರ, ಮೂರನೇ ವರ್ಷ ಕತ್ತು ಹಿಸುಕುತ್ತದೆ. ಇಂಥ ಬೈಔಟ್‌ಗೆ ಅರ್ಥ ಬರುವುದು ಹಗುರವಾದ ಆ ಮೊದಲ ವರ್ಷದಲ್ಲೇ ದುಡ್ಡು ಹಾಕಿ ತಂಡವನ್ನು ಪ್ಲೇಆಫ್‌ಗೆ ತಳ್ಳಿದರೆ. ಸೇಬರ್ಸ್ ಆ ಬೇಸಿಗೆಯಲ್ಲಿ ದೊಡ್ಡ ಹೆಸರು ಯಾವುದನ್ನೂ ತರಲಿಲ್ಲ, ಸೀಸನ್‌ಗೆ ಇಳಿದಾಗ ಕ್ಯಾಪ್‌ಗಿಂತ ಹತ್ತಾರು ಲಕ್ಷ ಡಾಲರ್ ಕೆಳಗೇ ಇದ್ದರು. ಉಳಿತಾಯ ಮಾಡಿದ್ದು ಯಾರಿಗೋಸ್ಕರ ಅಂತ ಜನ ಕೇಳಿದ್ದು ಇಲ್ಲೇ.

ಅದೇ ಸೀಸನ್, ನವೆಂಬರ್-ಡಿಸೆಂಬರ್‌ನಲ್ಲಿ ಸತತ 13 ಸೋಲು. ಮಧ್ಯೆ ಆಗಿನ ಜನರಲ್ ಮ್ಯಾನೇಜರ್ ಕೆವಿನ್ ಆಡಮ್ಸ್ ಪತ್ರಕರ್ತರ ಮುಂದೆ ನಮ್ಮಲ್ಲಿ ತಾಳೆ ಮರಗಳಿಲ್ಲ, ನ್ಯೂಯಾರ್ಕ್‌ನಲ್ಲಿ ತೆರಿಗೆ ಇದೆ, ಆಟಗಾರರು ಬರಲು ಒಪ್ಪುವುದಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು. ಮಾತಿನಲ್ಲಿ ಸತ್ಯ ಇಲ್ಲದೆ ಇಲ್ಲ: ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಬೇಡದ ಊರಿಗೆ ಟ್ರೇಡ್ ಆಗದಂತೆ ತಡೆಯುವ ಷರತ್ತು ದೊಡ್ಡ ಆಟಗಾರರ ಒಪ್ಪಂದದಲ್ಲಿ ಇರುತ್ತದೆ. ಆದರೆ ಅದೇ 2024-25ರಲ್ಲಿ ಇಡೀ ಲೀಗಿಗೆ ಮೊದಲ ಸ್ಥಾನ ಪಡೆದದ್ದು ಕೆನಡಾದ ವಿನ್ನಿಪೆಗ್, 116 ಅಂಕ. ಆ ಊರಿನ ಚಳಿಯ ಮುಂದೆ ಬಫಲೋ ಚಳಿ ಏನೂ ಅಲ್ಲ. ಅಭಿಮಾನಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ತಾಳೆ ಮರ ಹಿಡಿದು ಅರೀನಾಕ್ಕೆ ಬಂದರು. ಹುಟ್ಟಿದ ಊರನ್ನೇ ಸೋಲಿಗೆ ಕಾರಣ ಮಾಡಿದರೆ ಇನ್ನೇನು ಮಾಡುತ್ತಾರೆ?

ಸಾಮಾನ್ಯವಾಗಿ ಯಾರೂ ಹೆಚ್ಚು ಮಾತಾಡದ ಕಾರಣವೊಂದಿದೆ: ನಿರಂತರತೆ ಇಲ್ಲದಿರುವುದು. 2013ರ ಕೊನೆಯಿಂದ 2020ರ ಮಧ್ಯದೊಳಗೆ ಡಾರ್ಸಿ ರೆಗಿಯರ್, ಟಿಮ್ ಮರ್ರೆ, ಜೇಸನ್ ಬಾಟರಿಲ್ ಮೂವರು ಜನರಲ್ ಮ್ಯಾನೇಜರ್‌ಗಳೂ ಹೋದರು. ಕೋಚ್ ಲಿಂಡಿ ರಫ್ 2013ರಲ್ಲಿ ಹೋಗಿ 2024ರಲ್ಲಿ ವಾಪಸ್ ಬರುವಷ್ಟರಲ್ಲಿ ಆರು ಕೋಚ್‌ಗಳು ಬದಲಾದರು. 2020ರ ಜೂನ್‌ನಲ್ಲಿ ಬಾಟರಿಲ್ ಜೊತೆಗೆ ಹಾಕಿ ವಿಭಾಗದ 22 ಜನರನ್ನು ಒಂದೇ ದಿನ ಮನೆಗೆ ಕಳಿಸಿದರು, ಅದರಲ್ಲಿ ಸ್ಕೌಟ್‌ಗಳೂ ಇದ್ದರು, ಕೆಳಹಂತದ ರಾಚೆಸ್ಟರ್ ತಂಡದ ಕೋಚ್ ಕೂಡ. ಹದಿನೆಂಟರ ಹುಡುಗ ಇಪ್ಪತ್ತಮೂರಕ್ಕೆ ಏನಾಗುತ್ತಾನೆ ಅಂತ ಹೇಳುವ ಜನ ಅವರೇ. ಗೋಲ್‌ಕೀಪರ್‌ಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2017ರಲ್ಲಿ ಆರಿಸಿದ ಉಕ್ಕೊ-ಪೆಕ್ಕಾ ಲೂಕ್ಕೊನೆನ್ ನಂಬರ್ ಒನ್ ಆದದ್ದು 2023-24ರಲ್ಲಿ, ಆರು ವರ್ಷಕ್ಕೆ. ಅಲ್ಲಿಯ ತನಕ ಸೇತುವೆಯಾಗಿ ಒಬ್ಬ ಗಟ್ಟಿ ಕೀಪರ್ ಬೇಕಿತ್ತು. ಉಲ್‌ಮಾರ್ಕ್ ಹೋದ ಬೇಸಿಗೆಯಲ್ಲಿ ತಂದದ್ದು 40 ವರ್ಷದ ಕ್ರೇಗ್ ಆ್ಯಂಡರ್ಸನ್‌ನನ್ನು. ಕಾಲೇಜಿನಿಂದ ಬಂದ ಡೆವನ್ ಲೀವೈಯನ್ನು 2023-24ರ ಆರಂಭಕ್ಕೆ ನೇರವಾಗಿ ಗೋಲಿನ ಮುಂದೆ ನಿಲ್ಲಿಸಿ, ಆಮೇಲೆ ರಾಚೆಸ್ಟರ್‌ಗೆ ಕಳಿಸಿದರು. 2022-23ರಲ್ಲಿ ಈ ತಂಡ ಪ್ಲೇಆಫ್ ತಪ್ಪಿಸಿಕೊಂಡದ್ದು ಒಂದೇ ಒಂದು ಅಂಕದಲ್ಲಿ, 91ಕ್ಕೆ 92. ಒಳ್ಳೆಯ ಕೀಪರ್ ಒಬ್ಬ ಸೀಸನ್‌ನಲ್ಲಿ ಎರಡು ಪಂದ್ಯ ಉಳಿಸಿಕೊಟ್ಟಿದ್ದರೆ ಬರಗಾಲ ಅಲ್ಲಿಗೇ ಮುಗಿಯುತ್ತಿತ್ತು. ಮುಂದಿನ ಎರಡು ವರ್ಷ 84, 79 ಅಂಕ. ಏರಬೇಕಾದ ಗೆರೆ ಇಳಿಯಿತು.

ಇನ್ನು, ನೀವೇ ಅಳೆದು ನೋಡಬೇಕಿದ್ದರೆ ಗೆಲುವು-ಸೋಲಿನ ಪಟ್ಟಿ ಬಿಟ್ಟು ಬೇರೆ ಕಡೆ ಕಣ್ಣಿಡಿ. ಜುಲೈ 1ರಂದು ಮುಕ್ತ ಆಟಗಾರರ ಮಾರುಕಟ್ಟೆ ತೆರೆಯುತ್ತದೆ. ಆಗ ತಂಡದ ಸಂಬಳಪಟ್ಟಿಯಲ್ಲಿ ಈಗ ಆಡದವರಿಗೆ ಎಷ್ಟು ಹೋಗುತ್ತಿದೆ, ಮೊದಲ ಒಪ್ಪಂದದಲ್ಲಿರುವ ಒಳ್ಳೆಯ ಹುಡುಗರು ಎಷ್ಟು ಮಂದಿ, ಅವರಿಗೆ ಎಷ್ಟು ವರ್ಷ ಉಳಿದಿದೆ ನೋಡಿ. ಆ ವರ್ಷಗಳು ಒಂದೋ ಎರಡೋ ಇದ್ದೂ ಕ್ಯಾಪ್ ಖಾಲಿ ಬಿಟ್ಟಿದ್ದರೆ ಮಾಲೀಕ ಜೇಬು ಬಿಗಿ ಹಿಡಿದಿದ್ದಾನೆ, ಇಲ್ಲವೇ ಮ್ಯಾನೇಜರ್‌ಗೆ ಧೈರ್ಯ ಇಲ್ಲ. ಮಾರ್ಚ್‌ನ ಟ್ರೇಡ್ ಗಡುವಿನಲ್ಲಿ ಮಾರುವ ತಂಡ ಆಟಗಾರನ ಸಂಬಳದ ಅರ್ಧದ ತನಕ ತಾನೇ ಇಟ್ಟುಕೊಳ್ಳಬಹುದು, ಏಕಕಾಲಕ್ಕೆ ಮೂರು ಒಪ್ಪಂದಗಳಿಗೆ ಮಾತ್ರ. ರಿಬಿಲ್ಡ್ ಮಾಡುವ ತಂಡ ಆ ಮೂರೂ ಜಾಗವನ್ನು ಬಳಸಿ ಪಿಕ್ ಬೆಲೆ ಏರಿಸಿಕೊಂಡಿದ್ದರೆ ಅದು ಕೆಲಸ ಗೊತ್ತಿರುವವರ ಲಕ್ಷಣ. ಒಪ್ಪಂದ ಮುಗಿಯುವ ಒಳ್ಳೆಯ ಆಟಗಾರನನ್ನು ಗಡುವು ದಾಟಿಸಿ ಇಟ್ಟುಕೊಂಡು ಜುಲೈನಲ್ಲಿ ಬರಿಗೈಲಿ ಕಳಿಸಿದರೆ ಉಲ್‌ಮಾರ್ಕ್ ಕಥೆ ಮತ್ತೆ. ಮ್ಯಾನೇಜರ್ ಮಾತಿನಲ್ಲಿ ಯಾವ ವರ್ಷಕ್ಕೆ ಏನು ಅನ್ನೋದು ಇದೆಯಾ, ಬರೀ ಪ್ರೋಸೆಸ್, ಸಂಸ್ಕೃತಿ ಅಂತ ಹೋಗುತ್ತಿದೆಯಾ, ಅದನ್ನೂ ಗಮನಿಸಿ. 2025ರ ಜೂನ್‌ನಲ್ಲಿ ಹಿಂದಿನ ಸೀಸನ್‌ನಲ್ಲಿ 68 ಪಾಯಿಂಟ್ ಮಾಡಿದ 23ರ ಜೆ.ಜೆ. ಪೀಟರ್ಕಾನನ್ನು ಯೂಟಾಗೆ ಕೊಟ್ಟು ಮೈಕಲ್ ಕೆಸೆಲ್‌ರಿಂಗ್, ಜೋಶ್ ಡೋನ್ ಇಬ್ಬರನ್ನು ತಂದರು. ಟ್ರೇಡ್ ತಪ್ಪೇ ಆಗಬೇಕಿಲ್ಲ, ಇಬ್ಬರೂ ಆಡುವವರೇ. ಆದರೂ ಬಫಲೋ ಜನರ ತಲೆಯಲ್ಲಿ ಮೊದಲು ಓಡುವುದು ಹಳೆಯ ಪಟ್ಟಿ.

ಆಫೀಸಿನಲ್ಲಿ ಈ ಮಾತು ಎತ್ತುವುದಿದ್ದರೆ ಥಾಂಪ್ಸನ್‌ನ ಒಪ್ಪಂದವನ್ನು ಹೊಗಳಿ ಶುರು ಮಾಡಿ. ಐಕೆಲ್ ಬಗ್ಗೆ ಅಭಿಪ್ರಾಯ ಕೊಡಬೇಡಿ, ಊರೇ ಎರಡಾಗಿದೆ. ರೈನ್‌ಹಾರ್ಟ್ ಹೆಸರನ್ನು ಮಾತ್ರ ಊಟ ಮುಗಿದ ಮೇಲೆ ಎತ್ತಿ.